ನನ್ನ ಹಸು ಗಾಜು ನುಂಗಿದ ಮೇಲೆ

ಹೆಂಡತಿ ತೀರಿಹೋದ ಮೇಲೆ ನಾನು ಏನು ಮಾಡಿದರೂ ತಪ್ಪು. ಬುದ್ಧಿ ಹೇಳೋರಿಗೆ ಬರವಿಲ್ಲ. ವಾರಕ್ಕೊಂದಾದರೂ ಇಂಥದ್ದು ನಡೆಯುತ್ತೆ. ಗಾಜಿನದ್ದು ಮಾತ್ರ ಹೇಳುತ್ತೇನೆ.

೧. ಡಾಕ್ಟರು

ಅವಳು ಸಾಕಿದ ಹಸು ಮಣ್ಣು ನೆಕ್ಕತೊಡಗಿತು. ಮೈ ಬಣ್ಣ ಕಳೆದುಕೊಂಡಿತು. ರಾವಂದೂರಿಂದ ದನದ ಡಾಕ್ಟರು ಬಂದು ಬೆರಳುದ್ದದ ಗಾಜಿನ ಗುಳಿಗೆಯನ್ನ ಅದರ ಗಂಟಲಿಗಿಳಿಸಿದರು. ನಾನು ಕೂಗಿಕೊಂಡೆ.

“ಬಾಟಲಿ ಗಾಜಲ್ಲ ಕಣ್ರೀ. ಅದು ಮರಳಿಂದು, ಕರಗಲ್ಲ. ಇದು ರಂಜಕದ್ದು. ಸುಣ್ಣ ಜಾಸ್ತಿ ಹಾಕಿದ್ರೆ ನಿಧಾನ ಕರಗ್ತದೆ, ಸೋಡಾ ಜಾಸ್ತಿ ಹಾಕಿದ್ರೆ ಬೇಗ. ಹಸುಗೆ ನಿಧಾನದ್ದು. ಅದರ ಮೈಲಿ ತಾಮ್ರ ಕಮ್ಮಿ ಆಗದೆ, ಗಾಜಿನೊಳಗಿರೋ ತಾಮ್ರ ತಿಂಗಳುಗಟ್ಟಲೆ ಸಿಗ್ತದೆ,” ಅಂದರು ಡಾಕ್ಟರು.

ನನ್ನ ಮುಖ ನೋಡಿ, ಸೋಡಾ ಜಾಸ್ತಿ ಇರೋ, ಔಷಧಿ ಇಲ್ಲದ ಒಂದು ಚೂರು ಕೊಟ್ಟರು. ನೀರಿಗೆ ಹಾಕಿ ನೋಡಿ ಅಂದರು.

“ಇದನ್ನೆಲ್ಲ ಮುಂಚೇನೇ ಹೇಳಬಾರದಿತ್ತಾ ಸ್ವಾಮಿ?”

“ಹೇಳಿದ್ರೆ ಹಸು ಬಾಯಿ ಬಿಡಿಸ್ತಿದ್ರಾ ನೀವು?”

೨. ಡೈರಿ

ಮಾರನೇ ದಿನ ಡೈರಿಯಲ್ಲಿ ನನ್ನ ಹಾಲು ಬ್ಯಾಡ ಅಂದರು. “ಗಾಜಿನ ಹಾಲು ಕಣ್ಲಾ ಅದು!” ಅಂತ ಹಿಂದೆ ನಿಂತವನೊಬ್ಬ ಕೂಗಿದ. ನನಗೆ ಮೈ ಉರಿಯಿತು. ಸೋಸಿ ನೋಡ್ರಿ ಅಂದೆ. ಸೋಸಿದರು. ಏನೂ ಇಲ್ಲ. ಹಂಗಾದರೆ ಅವನದ್ದೂ ಸೋಸಿ ಅಂದೆ. ಬಟ್ಟೆಯಲ್ಲಿ ಗೊದಮೊಟ್ಟೆ ಒದ್ದಾಡುತ್ತಿತ್ತು. ಹಾಲಿಗೆ ಬೆರೆಸಿದ ಕೆರೆ ನೀರಿನದ್ದು.

ಅದಕ್ಕೆ ಊರಲ್ಲಿ ಒಬ್ಬರೂ ಉಸಿರೆತ್ತಲಿಲ್ಲ. ಗಾಜು ಮಾತ್ರ ತಪ್ಪು.

೩. ಬಾಮೈದ

ಸುದ್ದಿ ಹ್ಯಾಂಡ್‌ಪೋಸ್ಟ್ ಅನ್ನೋ ಊರಲ್ಲಿರೋ ಬಾಮೈದನಿಗೆ ಮುಟ್ಟಿತು. ಫೋನಲ್ಲೇ ಕೂಗಾಡಿದ. “ನಮ್ಮಕ್ಕನ ಹಸುಗೆ ಗಾಜು ತಿನ್ನಿಸ್ದಾ ಬಾವ? ಗಾಜು ಎಲ್ಲಾರ ಕರಗ್ತದಾ? ಭಾನುವಾರ ಬಂದು ಹೊಡ್ಕೊಂಡು ಹೋಯ್ತೀನಿ.”

“ಕರಗದಿದ್ರೆ ಹೊಡ್ಕೊಂಡು ಹೋಗು. ಕರಗಿದ್ರೆ ಹಸು ತಂಟೆಗೆ ಬರಬ್ಯಾಡ.”

ಅವಳದು ಅಂತ ಈ ಮನೆಯಲ್ಲಿ ಉಸಿರಾಡೋದು ಅದೊಂದೇ.

ಅವಳ ಕಂಚಿನ ಲೋಟಕ್ಕೆ ನೀರು ಹೊಯ್ದು, ಆ ಚೂರು ಹಾಕಿ, ಅವಳ ಫೋಟೊ ಮುಂದೆ ಮಡಗಿದೆ. ದಿನಾ ನೋಡಿದೆ. ಶನಿವಾರಕ್ಕೆ ಬರೀ ನೀರು.

ಭಾನುವಾರ ಹೊಸ ಹಗ್ಗ ಹಿಡಿದೇ ಬಂದ. ಬಿಸಿಲಿಗೆ ಬೆವೆತಿದ್ದ. ಸೀದಾ ಒಳಗೆ ಹೋಗಿ ಅಕ್ಕನ ಫೋಟೊಗೆ ಕೈ ಮುಗಿದ. ನಾನು ಬಾಯಿ ತೆಗೆಯೋದರೊಳಗೆ ಲೋಟ ಎತ್ತಿ ಗಟಗಟ ಕುಡಿದ. ಮೀಸೆ ಒರೆಸಿಕೊಂಡು ಕೇಳಿದ. “ಎಲ್ಲಿ ಬಾವ, ನಿನ್ನ ಗಾಜು?”

“ಈಗ ಕುಡಿದ್ಯಲ್ಲ, ಅದೇ.”

ಲೋಟ ಕೆಳಗಿಟ್ಟ. ಹೊಟ್ಟೆ ಹಿಡಿದುಕೊಂಡ.

“ನೀನೇ ಹೇಳಪ್ಪ,” ಅಂದೆ. “ಗಾಜು ಕರಗ್ತದೋ? ಇಲ್ಲ, ನಿನ್ನ ಹೊಟ್ಟೇಲಿ ಗಾಜು ಅದೆಯೋ?”

ಅಕ್ಕನ ಫೋಟೊಗೆ ಇನ್ನೊಂದ್ಸಲ ಕೈ ಮುಗಿದ.

“ಕರಗ್ತದೆ ಬುಡು ಬಾವ.”

ಹಗ್ಗ ಬಿಟ್ಟು ಹೋದ. ಹಸುಗೆ ಹೊಸದು ಬೇಕಾಗಿತ್ತು.