ಬಾಂಡ್ಲಿ ಬಿಟ್ಟ ಬೆಕ್ಕು

ಓದಿದವನು ಎನ್ನಿಸಿಕೊಂಡವನಿಗೆ ಒಂದು ಹಿಂಸೆ ಉಂಟು. ಏನನ್ನು ಕೇಳಿದರೂ ‘ನನಗೆ ಗೊತ್ತಿಲ್ಲ’ ಎನ್ನುವ ಹಾಗಿಲ್ಲ. ನಮ್ಮ ಅಜ್ಜೀಪುರದಲ್ಲಿ ಎತ್ತು ಮೇವು ಬಿಟ್ಟರೂ, ಗೋಡೆ ಗಡಿಯಾರ ನಿಂತರೂ, ಸೊಸೆ ಮುನಿಸಿಕೊಂಡು ತವರಿಗೆ ಹೋದರೂ ‘ಮಾದೇವನ್ನ ಕೇಳಿ, ಬಿ.ಎ. ಮಾಡವ್ನೆ’ ಎಂದು ನನ್ನ ಕಡೆಗೆ ಕೈ ತೋರಿಸುತ್ತಾರೆ. ನಾನೂ ಏನಾದರೊಂದು ಹೇಳಿ ಕಳಿಸುತ್ತೇನೆ. ಹೆಬ್ಬೆಟ್ಟು ಒತ್ತುವ ವಂಶದಲ್ಲಿ ಮೊದಲು ಸಹಿ ಹಾಕಿದವನು ನಾನು. ಮೈಸೂರಿನ ಧರ್ಮದ ಹಾಸ್ಟೆಲಿನಲ್ಲಿ ಎರಡು ಹೊತ್ತು ಉಂಡು, ಮೂರನೆಯ ಹೊತ್ತಿಗೆ ನೀರು ಕುಡಿದು, ಇಂಗ್ಲಿಷಿನಲ್ಲಿ ಬಿದ್ದೆದ್ದು ಆ ಎರಡು ಅಕ್ಷರ ಸಂಪಾದಿಸಿದವನು. ಅದಕ್ಕೇ ಕೊಳ್ಳೇಗಾಲದ ನನ್ನ ಬಾಡಿಗೆ ಮನೆಯ ಬಾಗಿಲಿಗೆ ಹಾಕಿಸಿದ ಹಲಗೆಯಲ್ಲಿ ಹೆಸರಿಗಿಂತ ಬಿ.ಎ. ದಪ್ಪಗಿದೆ. ಹಲಗೆ ಬರೆದವನು ‘ಎಸ್ರೇ ಕಾಣಾಕಿಲ್ಲ ಸಾ’ ಎಂದ. ‘ಪರವಾಗಿಲ್ಲ’ ಎಂದೆ. ಇಂಥ ಹಲಗೆಯ ಹಿಂದೆ, ಅದೇ ಬಾಗಿಲಿನ ಒಳಗೆ, ಎಲ್ಲಿ ಉಚ್ಚೆ ಹೊಯ್ಯಬೇಕೆಂದು ಒಂದು ಬೆಕ್ಕಿಗೆ ಕಲಿಸಲು ನನ್ನಿಂದ ಆಗಲಿಲ್ಲ.

ಮನೆಯೆಂದರೆ ಪೂರ್ತಿ ಮನೆಯಲ್ಲ, ನೇಕಾರ ಸೂರಪ್ಪನವರ ಮನೆಯಲ್ಲಿ ಅರ್ಧ. ನಡುವೆ ಆಳೆತ್ತರಕ್ಕಿಂತ ತುಸು ಮೇಲೆ ಬಂದು ನಿಂತುಬಿಟ್ಟ ಒಂದು ಗೋಡೆ; ಅಲ್ಲಿಂದ ಹೆಂಚಿನವರೆಗೂ ಬಯಲು. ಆಚೆ ಅವರ ರೇಷ್ಮೆ ಮಗ್ಗ, ಈಚೆ ನಮ್ಮ ಸಂಸಾರ. ಮಗ್ಗದ ಸದ್ದು ಈಚೆ ಬರುತ್ತದೆ, ನನ್ನ ಹೆಂಡತಿ ಗೌರಿ ನನ್ನನ್ನು ಬಯ್ಯುವುದು ಆಚೆ ಹೋಗುತ್ತದೆ. ಕೊಳ್ಳೇಗಾಲ ಮದ್ರಾಸಿನ ಕೈಯಿಂದ ಮೈಸೂರಿನ ಕೈಗೆ ಬಂದು ಕೆಲವು ವರ್ಷಗಳಾಗಿದ್ದವು. ಸರ್ಕಾರ ಬದಲಾಯಿತು, ನನಗೆ ಹೈಸ್ಕೂಲಿನಲ್ಲಿ ಕೆಲಸವೂ ಸಿಕ್ಕಿತು, ಆದರೆ ಇಲಿಗಳಿಗೆ ಮಾತ್ರ ಯಾವ ಆಡಳಿತವೂ ತಟ್ಟಿರಲಿಲ್ಲ. ನಮ್ಮ ರಾಗಿ ಮೂಟೆಯಲ್ಲಿ ಊಟ ಮುಗಿಸಿ, ಗೋಡೆ ಹತ್ತಿ ಇಳಿದು, ಸೂರಪ್ಪನವರ ರೇಷ್ಮೆ ಎಳೆಗಳಲ್ಲಿ ಹಲ್ಲು ಮಸೆಯುತ್ತಿದ್ದವು. ‘ಮೇಷ್ಟ್ರೇ, ರಾಗಿ ನಿಮ್ದು ತಿಂದು ಹಾಸು ನಂದು ಕಡೀತವೆ ಕಣ್ರಿ. ಒಂದ್ ಬೆಕ್ ಸಾಕಿ ಸಾ’ ಎಂದು ಅವರೇ ಒಂದು ಕೆಂಚು ಮರಿಯನ್ನು ತಂದು ಗೌರಿಯ ಮಡಿಲಿಗೆ ಹಾಕಿದರು. ಆದ್ದರಿಂದ ಮುಂದಿನದಕ್ಕೆಲ್ಲ ಮೂಲ ಅವರೇ ಎಂದು ವಾದಿಸಬಹುದಿತ್ತು. ವಾದಿಸಲಿಲ್ಲ. ಆ ಬೀದಿಯಲ್ಲಿ ಮಗ್ಗವಿಲ್ಲದ ಮನೆಯಿಲ್ಲ, ಮಗ್ಗವಿರುವ ಮನೆಯಲ್ಲಿ ಬಾಡಿಗೆಯವರಿಗೆ ಜಾಗವಿಲ್ಲ. ಕೆಲಸ ಸಿಕ್ಕಿದ್ದಕ್ಕಿಂತ ಈ ಅರ್ಧ ಮನೆ ಸಿಕ್ಕಿದ್ದು ನನ್ನ ದೊಡ್ಡ ಸಾಧನೆ.

ಮರಿಗೆ ಕೆಂಚಿ ಎಂದು ಹೆಸರಾಯಿತು. ಒಂದು ಬೀದಿನಾಯಿ ಅವಳ ಬಾಲದ ತುದಿಯನ್ನು ಕಿತ್ತುಕೊಂಡ ಮೇಲೆ ಅವಳು ಹೊಸ್ತಿಲು ದಾಟುವುದನ್ನೇ ಬಿಟ್ಟಳು. ಹಿತ್ತಿಲೆಂದರೆ ಚಪ್ಪಡಿ ಹಾಸಿದ ಕೈಯಗಲದ ಜಾಗ, ಮೂಲೆಯಲ್ಲಿ ಒಂದು ಕಕ್ಕಸು. ಕೆರೆಯುವುದಕ್ಕೆ ಹಿಡಿ ಮಣ್ಣೂ ಇಲ್ಲ. ಗೌರಿ ಒಂದು ತೂತುಬಿದ್ದ ಹಳೆಯ ಬಾಂಡ್ಲಿಗೆ ನೀರೊಲೆಯ ಬೂದಿ ತುಂಬಿ ಬಚ್ಚಲ ಪಕ್ಕದಲ್ಲಿ ಇಟ್ಟಳು. ಕೆಂಚಿ ಹೋಗಿ ಕೆರೆದು, ಕುಳಿತು, ಮುಚ್ಚಿ ಬಂದಳು. ಯಾರೂ ಹೇಳಿಕೊಟ್ಟಿರಲಿಲ್ಲ. ನಾನು ಮಾತ್ರ ‘ನೋಡಿದೆಯಾ, ಓದಿದವರ ಮನೆಯ ಬೆಕ್ಕು’ ಎಂದೆ.

ಆ ವರ್ಷ ಸ್ಕೂಲಿನಲ್ಲಿ ನನಗೆ ಆರೋಗ್ಯದ ಪಾಠವನ್ನೂ ಗಂಟುಹಾಕಿದರು. ಪಾಠ ಮಾಡಿ ಮಾಡಿ ಹುಡುಗರಿಗೆ ಏನು ಹತ್ತಿತೋ, ನನಗೆ ಮಾತ್ರ ಚೆನ್ನಾಗಿ ಹತ್ತಿತು. ಅಂಗಡಿಯಿಂದ ಫಿನಾಯಿಲ್ ಸೀಸೆ ತಂದೆ. ನೀರಿಗೆ ಬಿದ್ದೊಡನೆ ಅದು ಹಾಲಿನಂತೆ ಬೆಳ್ಳಗಾಗುವುದನ್ನು ನೋಡುವಾಗ ವಿಜ್ಞಾನದ ಮೇಲೆ ಭಕ್ತಿಯೇ ಬಂದುಬಿಡುತ್ತದೆ. ಕಕ್ಕಸಿಗೆ ಹೊಯ್ದೆ, ಬಚ್ಚಲಿಗೆ ಹೊಯ್ದೆ, ದಿನವೂ ಬೆಳಿಗ್ಗೆ ಬಾಂಡ್ಲಿಯನ್ನು ಅದರಿಂದಲೇ ತಿಕ್ಕಿ ತೊಳೆದು, ಹೊಸ ಬೂದಿ ಹಾಕಿ, ಮೇಲೆ ಇನ್ನಷ್ಟು ಚಿಮುಕಿಸಿದೆ. ನಮ್ಮ ತಾತ ಮುತ್ತಾತಂದಿರು ಮನುಷ್ಯರಿಗೂ ಇಷ್ಟು ಚೊಕ್ಕ ಮಾಡಿದವರಲ್ಲ.

ಅದೇ ಹೊತ್ತಿಗೆ ಕೆಂಚಿ ಕೆಟ್ಟುಹೋದಳು. ಮೊದಲು ರಾಗಿ ಮೂಟೆಯ ಹಿಂದೆ. ಆಮೇಲೆ ಗೋಣಿತಾಟಿನ ಮೇಲೆ. ಆಮೇಲೆ ಹಾಸಿಗೆಯ ಮೇಲೆ, ಅದೂ ನಾನು ಮಲಗುವ ಕಡೆ. ಬಾಂಡ್ಲಿಯ ತನಕ ಹೋಗುತ್ತಾಳೆ, ಅಂಚಿನಲ್ಲಿ ನಿಂತು ಮುಖ ಸಿಂಡರಿಸುತ್ತಾಳೆ, ಬೇಡದ ನೆಂಟರ ಮನೆಗೆ ಬಂದವಳಂತೆ ಹಿಂದಿರುಗುತ್ತಾಳೆ. ಎತ್ತಿ ಬಾಂಡ್ಲಿಯಲ್ಲಿ ಕೂರಿಸಿದೆ, ಮೊಣಕೈತನಕ ಪರಚಿದಳು. ಗದರಿಸಿದೆ; ಮಂಚದ ಕೆಳಗೆ ಹೋಗಿ ಅಲ್ಲೇ ಕೆಲಸ ಮುಗಿಸಿದಳು. ಅವಳು ಹೊಯ್ದಲ್ಲೆಲ್ಲ ನಾನು ಫಿನಾಯಿಲ್ ಹೊಯ್ದೆ. ನಾನು ಹೊಯ್ದ ಜಾಗ ಬಿಟ್ಟು ಅವಳು ಹೊಸ ಜಾಗ ಹುಡುಕಿದಳು. ಹೀಗೆ ಇಬ್ಬರೂ ಸೇರಿ ಮನೆಯನ್ನೆಲ್ಲ ಹಂಚಿಕೊಂಡೆವು.

‘ಮೂವತ್ತು ಹುಡುಗ್ರನ್ನ ಒಟ್ಟಿಗೆ ಸುಮ್ನೆ ಕೂರಿಸ್ತೀನಿ ಅಂತೀರಲ್ಲ, ಇದೊಂದ್ ಬೆಕ್ಕನ್ನ ಕೂರಿಸಿ ನೋಡಾಣ’ ಎಂದಳು ಗೌರಿ. ಅವಳು ಯಳಂದೂರಿನ ಹೆಣ್ಣು. ನಗದೆ ಅಣಕಿಸುವುದು ಅವರ ಮನೆತನದ ವಿದ್ಯೆ.

‘ಹುಡುಗರಿಗೆ ಬೆತ್ತವಿದೆ’ ಎಂದೆ.

‘ಅದ್ಕೂ ತೋರ್ಸಿ. ಆಮೇಲೆ ಬೆತ್ತದ್ ಮೇಲೂ ಒಯ್ತದೆ.’

ಬೆತ್ತದ ಮೇಲೆ ಹೊಯ್ಯಲಿಲ್ಲ, ಕೋಟಿನ ಮೇಲೆ ಹೊಯ್ದಳು. ಪದವಿ ತೆಗೆದುಕೊಳ್ಳುವ ದಿನಕ್ಕೆಂದು ಹೊಲಿಸಿದ್ದ ಕರಿ ಕೋಟು ಅದು; ಗೂಟದಿಂದ ಜಾರಿ ನೆಲಕ್ಕೆ ಬಿದ್ದಿತ್ತು, ಇವಳಿಗೆ ಮೆತ್ತಗೆ ಕಂಡಿತು. ಆ ಕೋಟನ್ನು ಫಿನಾಯಿಲ್ ನೀರಿನಲ್ಲಿ ನೆನೆಹಾಕಿ, ಹಿಂಡಿ, ಒಣಗಿಸಿ, ಏನೂ ಆಗದವನಂತೆ ತೊಟ್ಟು ಸ್ಕೂಲಿಗೆ ಹೋದೆ. ಮೇಷ್ಟ್ರುಗಳ ಕೋಣೆಯಲ್ಲಿ ಲೆಕ್ಕದ ಮೇಷ್ಟ್ರು ಒಮ್ಮೆ ಮೂಗೆಳೆದು, ಕುರ್ಚಿಯನ್ನು ಕಿಟಕಿಯ ಕಡೆಗೆ ಸರಿಸಿದರು. ‘ಏನ್ರಿ ಮಾದೇವಪ್ಪ, ಮನೇಲಿ ಯಾರ್‌ಗಾದ್ರೂ ಹುಷಾರಿಲ್ವೆ?’ ಎಂದರು. ‘ಬೆಕ್ಕಿಗೆ’ ಎಂದೆ. ಅವರು ಕುರ್ಚಿಯನ್ನು ಇನ್ನೂ ಸರಿಸಿದರು.

ಇಷ್ಟಾಗಿದ್ದರೆ ಸಹಿಸಬಹುದಿತ್ತು. ಒಂದು ಭಾನುವಾರ ಸೂರಪ್ಪನವರು ಕಾಲಿಳಿಬಿಟ್ಟು ಕೂತು ನೇಯುವ ಮಗ್ಗದ ಗುಂಡಿಯಿಂದ ಎದ್ದು ನಮ್ಮ ಬಾಗಿಲಿಗೆ ಬಂದರು. ಕೂರಲಿಲ್ಲ. ಕೂರಿ ಎಂದು ಹೇಳುವ ಧೈರ್ಯ ನನಗೂ ಇರಲಿಲ್ಲ. ಎಲ್ಲಿ ಒಣಗಿದೆ, ಎಲ್ಲಿ ಹಸಿಯಿದೆ ಎಂದು ಯಾರಿಗೆ ಗೊತ್ತು.

‘ಮೇಷ್ಟ್ರೇ, ಇಷ್ಟ್ ವರ್ಸ ಊರೋರ್ ಮಕ್ಕಳ್ ಮದ್ವೆಗೆಲ್ಲ ನೇಯ್ದೆ. ಈಗ ನನ್ ಮಗ್ಳು ಸಣ್ಣಮ್ಮನ ಧಾರೆ ಸೀರೆ ಮಗ್ಗಕ್ಕೆ ಏರ್ಸಿವ್ನಿ. ರೇಷ್ಮೆ ಅನ್ನೋದು ಎಳೇ ಕೂಸಿದ್ದಂಗೆ ಸಾ, ಸುತ್ತ ಏನ್ ವಾಸ್ನೆ ಇದ್ರೂ ಈರ್ಕತದೆ. ಧಾರೆ ಮಂಟಪ್ದಲ್ಲಿ ನನ್ ಮಗ್ಳು ಬೆಕ್ಕಿನ್ ಉಚ್ಚೆ ನಾತ ಒಡಕಂಡ್ ನಿಂತ್ರೆ ಗಂಡಿನ್ ಕಡೆಯೋರು ಏನಂದಾರು?’

‘ಬೆಕ್ಕನ್ನು ಬಿಟ್ಟುಬಿಡಲೇ?’ ಎಂದೆ.

‘ಬೆಕ್ ಬಿಟ್ರೆ ಇಲಿ ಬತ್ತವಲ್ಲ! ಬೆಕ್ಕೂ ಇರ್‌ಬೇಕು, ವಾಸ್ನೇನೂ ಇರ್‌ಬಾರ್ದು. ಸೀರೆ ನೇಯ್ದು ಮಗ್ಗದಿಂದ ಕುಯ್ಯಾಗಂಟ ಟೈಮು. ಆಗ್ನಿಲ್ವಾ, ನೀವೇ ಬ್ಯಾರೆ ಮನೆ ನೋಡ್ಕಳಿ ಸಾ. ತಪ್ ತಿಳೀಬ್ಯಾಡಿ. ಓದಿರೋರು, ನಿಮ್ಗೆ ಏನಾರ ಒಳೀತದೆ.’

ಓದಿರುವವರು! ಹೊಳೆದದ್ದನ್ನೆಲ್ಲ ಮಾಡಿದೆ. ಬಾಂಡ್ಲಿಯನ್ನು ದೇವರ ಗೂಡಿನ ಕೆಳಗೊಂದು ಬಿಟ್ಟು ಎಲ್ಲ ಮೂಲೆಗಳಲ್ಲೂ ಇಟ್ಟು ನೋಡಿದೆ. ಬೂದಿಯ ಬದಲು ಹೊಳೆ ಮರಳು ತರಿಸಿದೆ. ಅದಕ್ಕೂ ಫಿನಾಯಿಲ್ ಹಾಕಿ ಶುದ್ಧಮಾಡಿಯೇ ಇಟ್ಟೆ. ಯಳಂದೂರಿನಿಂದ ಬಂದ ಅತ್ತೆ ‘ದೃಷ್ಟಿ ಆಗದೆ’ ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು; ಎಲ್ಲರೂ ಕೆಮ್ಮಿದೆವು, ಕೆಂಚಿ ಕೆಮ್ಮಿದ ಜಾಗದಲ್ಲೇ ಹೊಯ್ದಳು. ಗೋಡೆಯಾಚೆ ಸೀರೆ ದಿನದಿನಕ್ಕೆ ಬೆಳೆಯುತ್ತಿತ್ತು. ಲಾಳಿ ಓಡುವ ಸದ್ದು ಕೇಳಿದಾಗಲೆಲ್ಲ ನನ್ನ ಮನೆ ಎಳೆ ಎಳೆಯಾಗಿ ನನ್ನ ಕೈಬಿಡುತ್ತಿದೆ ಎನ್ನಿಸುತ್ತಿತ್ತು. ಕೊನೆಗೆ ಸೋತು, ಕೆಂಚಿಯನ್ನು ಊರಿಗೆ ಒಯ್ದು ಆಮೇಲೆ ಬೇರೆ ಬೆಕ್ಕು ತಂದುಕೊಡಬೇಕೆಂದು ಅಪ್ಪನಿಗೆ ಹೇಳಿಕಳಿಸಿದೆ.

ಅಪ್ಪ ಹನೂರಿನ ಬಸ್ಸಿಗೆ ಬಂದಿಳಿದರು, ಕಂಕುಳಲ್ಲಿ ಖಾಲಿ ಗೋಣಿಚೀಲ. ಚೀಲ ನೋಡಿದೊಡನೆ ಗೌರಿ ಕೆಂಚಿಯನ್ನು ಎತ್ತಿಕೊಂಡು ಅಡುಗೆಮನೆ ಸೇರಿದಳು, ನನ್ನೊಡನೆ ಮಾತು ಬಿಟ್ಟಳು. ಮಾರನೆಯ ಬೆಳಿಗ್ಗೆ ನಾನು ಅಪ್ಪನಿಗೆ ಕಕ್ಕಸು ತೋರಿಸಿದೆ. ಮಗನ ಮನೆಯಲ್ಲಿ ಎಲ್ಲವೂ ಇದೆ ಎಂಬುದನ್ನು ಅವರು ನೋಡಲಿ ಎಂಬ ಆಸೆ ನನ್ನದು. ಒಳಗೆ ಹೋದವರು ಹೋದಷ್ಟೇ ವೇಗದಲ್ಲಿ ಹೊರಗೆ ಬಂದರು, ಟವೆಲು ಮೂಗಿಗೆ.

‘ಏನಪ್ಪ?’

‘ಅದೇನ್ಲಾ ಅದು, ಆಸ್ಪತ್ರೆ ನಾತ! ಕಣ್ಣಲ್ ನೀರ್ ಬತ್ತದೆ. ಅದ್ರೊಳ್ಗೆ ಕುಂತ್ರೆ ಬರಾದೂ ಬರಾಕಿಲ್ಲ ಕಣ್ಲಾ. ಚೊಂಬು ಕೊಡು, ನಾ ಕೆರೆ ಕಡೀಕ್ ಓಯ್ತೀನಿ.’

‘ಇದು ಪೇಟೆ. ಹಾಗೆಲ್ಲ ಬಯಲಿಗೆ ಹೋಗಬಾರದು.’

‘ಓಗ್‌ಬಾರ್ದು ಅಂದ್ರೆ ಬತ್ತದಾ? ಲೇ ಮಗ, ನಾನೇನ್ ಅಟ ಮಾಡ್ತಾ ಇವ್ನಾ? ಆಗಾಕಿಲ್ಲ ಅಂತಾ ಇವ್ನಿ!’

ಅಪ್ಪ ಚೊಂಬು ಹಿಡಿದು ಬೀದಿಗುಂಟ ಹೋದರು. ‘ಬಿ.ಎ.’ ಹಲಗೆಯ ಕೆಳಗಿಂದಲೇ ಹೋದರು. ಬೀದಿಯವರು ನೋಡಿದರು. ನನಗೆ ಸಿಟ್ಟು ನೆತ್ತಿಗೇರಿತು. ಆದರೆ ಅಲ್ಲಿ ನಿಲ್ಲಲಿಲ್ಲ, ಕೆಳಗಿಳಿಯಿತು. ಏಕೆಂದರೆ ಹಾಸ್ಟೆಲಿನ ಮೊದಲ ತಿಂಗಳುಗಳಲ್ಲಿ ನಾನೂ ಹೀಗೇ ಚೊಂಬು ಹಿಡಿದು ಓಡಿದವನು. ಅಲ್ಲಿಯ ಕಕ್ಕಸುಗಳಿಗೆ ಬೆಳಗಾದರೆ ಇದೇ ಬಿಳಿ ನೀರು ಹೊಯ್ಯುತ್ತಿದ್ದರು. ಬಾಗಿಲು ಹಾಕಿಕೊಂಡು ಕುಳಿತರೆ ಕಣ್ಣು ಉರಿ, ಎದೆ ಬಿಗಿ, ಬೇಕಾದದ್ದೊಂದು ಬಿಟ್ಟು ಎಲ್ಲವೂ ಆಗುತ್ತಿತ್ತು. ದೂರದ ಹೊಲಕ್ಕೆ ಓಡುತ್ತಿದ್ದ ನನ್ನನ್ನು ವಾರ್ಡನ್ನರು ಹಿಡಿದು ‘ಕಾಡು ಮನುಷ್ಯ’ ಎಂದು ಎಲ್ಲರೆದುರು ಬಯ್ದಿದ್ದರು. ಹಟವಲ್ಲ ಸಾರ್, ಆಗುತ್ತಿಲ್ಲ ಎಂದು ಹೇಳಲು ಬಾಯಿ ಬಂದಿರಲಿಲ್ಲ.

ನಾನು ಬಚ್ಚಲ ಕಡೆ ಹೋಗಿ, ಯಾರೂ ನೋಡುತ್ತಿಲ್ಲವೆಂದು ಖಾತ್ರಿಮಾಡಿಕೊಂಡು, ಮಂಡಿಯೂರಿ, ಕೆಂಚಿಯ ಎತ್ತರಕ್ಕೆ ಮೂಗಿಳಿಸಿ ಬಾಂಡ್ಲಿಯನ್ನು ಮೂಸಿದೆ. ಕಣ್ಣಲ್ಲಿ ನೀರು ಬಂತು. ಮುಖ ಸಿಂಡರಿಸಿಕೊಂಡು ಎದ್ದೆ. ಬಾಗಿಲಲ್ಲಿ ಗೌರಿ ನಿಂತಿದ್ದಳು. ಮಾತು ಬಿಟ್ಟಿದ್ದವಳು ಬಾಯಿ ಬಿಟ್ಟಳು: ‘ಈಗ ನಿಮ್ಗೂ ಶುರುವಾಯ್ತಾ?’

ಆ ಬಾಂಡ್ಲಿಯನ್ನು ಎಸೆದೆ. ಹೊಸ ಬಿದಿರು ಮಂಕರಿಯೊಂದಕ್ಕೆ ಗೋಣಿ ಹಾಸಿ ಬರೀ ಬೂದಿ ತುಂಬಿ ಇಟ್ಟೆ. ಅಡುಗೆಮನೆಯಿಂದ ಹೊರಬಂದ ಕೆಂಚಿ ಸುತ್ತ ಮೂಸಿದಳು, ಕೆರೆದಳು, ಕುಳಿತಳು. ಪರೀಕ್ಷೆಯಲ್ಲಿ ನನ್ನ ನಂಬರು ಬಂದಾಗಲೂ ನನಗೆ ಅಷ್ಟು ಸಂತೋಷವಾಗಿರಲಿಲ್ಲ. ಅಪ್ಪ ಖಾಲಿ ಚೀಲವನ್ನೇ ಮಡಿಸಿಕೊಂಡು ‘ಬೆಕ್ ಕೊಡ್ತೀನಿ ಅಂತ ಕರೆದು ಬರಿಗೈಲಿ ಕಳಿಸ್ತೀಯಲ್ಲೋ’ ಎನ್ನುತ್ತ ಬಸ್ಸು ಹತ್ತಿದರು. ಹಳೆಯ ಕಲೆಗಳನ್ನೆಲ್ಲ ಗೌರಿ ಸೀಗೆಪುಡಿ ಹಾಕಿ ತಿಕ್ಕಿದಳು. ಸೂರಪ್ಪನವರು ಬಂದು ಮೂಸಿ ‘ಬೆಕ್ಕಿನ್ ನಾತ ಓಯ್ತು ಸಾ, ಬಿ.ಎ. ಅಂದ್ರೆ ಸುಮ್ನೇನಾ!’ ಎಂದರು. ಈ ಸಲ ನಾನು ನಾಚದೆ ಒಪ್ಪಿಕೊಂಡೆ.

ಸೀರೆಯನ್ನು ಮಗ್ಗದಿಂದ ಕುಯ್ದ ದಿನ, ಅರಿಶಿನ ಕುಂಕುಮ ಇಟ್ಟು ದೇವರ ಮುಂದಿಟ್ಟ ಮೇಲೆ, ಸೂರಪ್ಪನವರ ಹೆಂಡತಿ ಅದನ್ನು ಗೌರಿಗೆ ತೋರಿಸಲು ತಂದರು. ಮಾವಿನ ಚಿಗುರಿನ ಬಣ್ಣ, ಅಂಗೈ ಅಗಲ ಜರಿಯಂಚು. ಗೌರಿ ಮಡಿಲಲ್ಲಿ ಹರಡಿಕೊಂಡು, ಬಗ್ಗಿ ಮೂಸಿ, ತಲೆಯೆತ್ತಿ ನನ್ನನ್ನು ನೋಡಿದಳು. ಆ ನೋಟದಲ್ಲೇ ನನಗೆ ತಿಳಿಯಿತು. ಬೆಕ್ಕಿನ ವಾಸನೆ ಎಳ್ಳಷ್ಟೂ ಇರಲಿಲ್ಲ. ಸೀರೆ ತುದಿಯಿಂದ ತುದಿಗೆ ಫಿನಾಯಿಲ್ ನಾರುತ್ತಿತ್ತು. ಇಷ್ಟು ದಿನ ನಾನು ಹೊಯ್ದದ್ದೆಲ್ಲ ಆ ಮೋಟು ಗೋಡೆ ದಾಟಿ, ಎಳೆ ಎಳೆಗೂ ಇಂಗಿಹೋಗಿತ್ತು. ಅದರಲ್ಲೇ ಕುಳಿತು ನೇಯ್ದ ಸೂರಪ್ಪನವರ ಮೂಗಿಗೆ ಒಗ್ಗಿ ಗೊತ್ತೇ ಆಗಿರಲಿಲ್ಲ. ಬಿಸಿಲಿಗೆ ಹಾಕುವಂತಿಲ್ಲ, ಬಣ್ಣ ಹೋಗುತ್ತದೆ, ಒಗೆಯುವಂತಿಲ್ಲ. ನೆರಳಲ್ಲಿ ಗಾಳಿಗೆ ಹಾಕಿ, ಸಾಂಬ್ರಾಣಿ ಹೊಗೆ ಹಿಡಿದರು. ಈಗ ಅದು ದೇವಸ್ಥಾನದೊಳಗೆ ಆಸ್ಪತ್ರೆ ಇಟ್ಟಂತೆ ನಾರತೊಡಗಿತು. ಸೂರಪ್ಪನವರು ಬಯ್ಯಲಿಲ್ಲ. ತಲೆಯ ಮೇಲೆ ಕೈಹೊತ್ತು ಮಗ್ಗದ ಗುಂಡಿಯಂಚಿನಲ್ಲಿ ಕುಳಿತುಬಿಟ್ಟರು. ಬಯ್ದಿದ್ದರೆ ಚೆನ್ನಾಗಿತ್ತು.

ಮದುವೆಯ ದಿನ ಚಪ್ಪರದಲ್ಲಿ ಗಂಡಿನ ದೊಡ್ಡಪ್ಪ ಮುಂದಿನ ಸಾಲಿನಲ್ಲೇ ಕುಳಿತಿದ್ದರು, ಹನೂರಿನ ಭಾರಿ ಆಸಾಮಿ. ಹೆಣ್ಣು ಬಂದು ನಿಂತೊಡನೆ ಅವರ ಮೂಗು ಅರಳಿತು. ‘ಏನಿದು, ಆಸ್ಪತ್ರೆ ವಾಸ್ನೆ? ಹೆಣ್ಣಿನ್ ಕಡೆಯಿಂದ್ಲೇ ಬತ್ತಾ ಅದೆ. ಲೋ ಸೂರಪ್ಪ, ಮಗೀಗೆ ಉಸಾರಿಲ್ದೆ ಆಸ್ಪತ್ರೆ ಸೇರ್ಸಿದ್ರಾ? ನಮ್ಗೆ ಯೋಳ್ಲೇ ಇಲ್ವಲ್ಲ!’ ಓಲಗದವರೂ ಒಂದು ಕ್ಷಣ ನಿಲ್ಲಿಸಿದಂತೆ ಕಂಡಿತು. ಸೂರಪ್ಪನವರು ನನ್ನ ಕಡೆ ನೋಡಿದರು. ಸಣ್ಣಮ್ಮನ ಬಗ್ಗಿದ ತಲೆ ಇನ್ನೂ ಬಗ್ಗಿತು.

ನಾನು ಎದ್ದುನಿಂತೆ. ಮೈಮೇಲೆ ಅದೇ ಕರಿ ಕೋಟು. ‘ವಾಸನೆ ನನ್ನದು ಯಜಮಾನರೇ’ ಎಂದು ತೋಳನ್ನು ಅವರ ಮೂಗಿನ ಹತ್ತಿರ ಒಯ್ದೆ. ‘ಇವರ ಮನೆಯಲ್ಲೇ ಬಾಡಿಗೆಗೆ ಇದ್ದೀನಿ. ನಾನು ಆಸ್ಪತ್ರೆ ಕಾಂಪೌಂಡರು.’

ಅವರು ದೀರ್ಘವಾಗಿ ಮೂಸಿದರು. ‘ಊಂ. ಇದೇಯ. ಇದೇ ವಾಸ್ನೆ’ ಎಂದು ಹಿಂದಕ್ಕೆ ಒರಗಿದರು. ಓಲಗ ಜೋರಾಯಿತು, ಧಾರೆಯಾಯಿತು. ಊಟಕ್ಕೆ ಅವರು ನನ್ನನ್ನು ಪಕ್ಕದಲ್ಲೇ ಕೂರಿಸಿಕೊಂಡು, ಒಬ್ಬಟ್ಟು ಮುಗಿಯುವವರೆಗೂ ತಮ್ಮ ಮಂಡಿ ನೋವಿನ ಚರಿತ್ರೆ ಹೇಳಿದರು. ಕೇಳಿದ್ದಕ್ಕೆ ಗೊತ್ತಿಲ್ಲ ಎನ್ನುವ ಅಭ್ಯಾಸ ನನಗಿಲ್ಲವಲ್ಲ; ಬಿಸಿನೀರು ಹಾಕಿ, ಹರಳೆಣ್ಣೆ ತಿಕ್ಕಿ ಎಂದೆ.

ಮನೆ ಉಳಿಯಿತು. ಸೂರಪ್ಪನವರು ಈಗ ಬೆಕ್ಕಿನ ಮಾತೇ ಎತ್ತುವುದಿಲ್ಲ; ‘ಫಿನಾಯಿಲ್ ಒಂದ್ ತರ್‌ಬ್ಯಾಡಿ ಸಾ’ ಎನ್ನುತ್ತಾರೆ. ಆದರೆ ಆ ಹಾಳು ಹರಳೆಣ್ಣೆಯಿಂದ ಮಂಡಿ ನೋವು ನಿಜವಾಗಿ ಕಡಿಮೆಯಾಗಿಬಿಟ್ಟಿತು. ದೊಡ್ಡಪ್ಪನವರು ಕೊಳ್ಳೇಗಾಲಕ್ಕೆ ಬಂದಾಗಲೆಲ್ಲ ಬೀಗರ ಮನೆಗಿಂತ ಮೊದಲು ನಮ್ಮ ಬಾಗಿಲಿಗೇ ಬಂದು ‘ಕಾಂಪೌಂಡ್ರು ಅವ್ರಾ?’ ಎಂದು ಕೂಗುತ್ತಾರೆ. ಅವರಿಗೆ ಓದು ಬರುತ್ತದೆ. ಹಾಗಾಗಿ ಹನೂರಿನ ಬಸ್ಸು ಬರುವ ಹೊತ್ತಿಗೆ ಸೂರಪ್ಪನವರು ಓಡಿಬಂದು ನನ್ನ ಹಲಗೆಯನ್ನು ಗೋಡೆಗೆ ಮುಖಮಾಡಿ ತಿರುಗಿಸಿಹಾಕುತ್ತಾರೆ. ದೊಡ್ಡಪ್ಪನವರು ಹೋದ ಮೇಲೆ ಮತ್ತೆ ತಿರುಗಿಸುವುದು ಸೂರಪ್ಪನವರಿಗೆ ಮರೆತುಹೋಗುತ್ತದೆ. ಇತ್ತೀಚೆಗೆ ನಾನೂ ಜ್ಞಾಪಿಸುತ್ತಿಲ್ಲ. ನಿನ್ನೆ ಪಕ್ಕದ ಬೀದಿಯಿಂದ ಒಬ್ಬಾಕೆ ಕೆಮ್ಮುವ ಕೂಸನ್ನು ಎತ್ತಿಕೊಂಡು ಬಂದಿದ್ದಳು.