ಒಡೆದದ್ದಕ್ಕೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆ

ನಾನು ಬರೆಯಬೇಕಾಗಿದ್ದ ಒಂದು ಇಂಗ್ಲಿಷ್ ಪದವನ್ನು ಬರೆಯಲಿಲ್ಲ. ಅಷ್ಟೇ ನನ್ನ ತಪ್ಪು. ಇಷ್ಟು ಹೇಳಿದರೆ ಪರೀಕ್ಷೆಯಲ್ಲಿ ಒಂದು ಮಾರ್ಕು ಕಳೆದುಕೊಂಡವನ ಹಾಗೆ ಕೇಳಿಸುತ್ತದೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಅಂಥ ಮಾರ್ಕುಗಳು ಎಷ್ಟೋ ಹೋಗಿವೆ, ಒಂದಕ್ಕೂ ನಾನು ಊಟ ಬಿಟ್ಟವನಲ್ಲ. ಆದರೆ ಈ ಪದ ಬರೆಯದೆ ಹೋದದ್ದರಿಂದ ನನ್ನ ಅಕ್ಕ ಹನ್ನೆರಡು ದಿನ ಗಾಜಿನ ಚೂರು ಗುಡಿಸಿದಳು. ಆ ಹನ್ನೆರಡು ದಿನವೂ ನಾನು ನಮ್ಮೂರು ಮತ್ತಿಗಿರಿಯಿಂದ ಕಂಪನಿ ವ್ಯಾನಿನಲ್ಲಿ ಅವಳ ಪಕ್ಕದಲ್ಲೇ ಕೂತು ಹೋಗಿಬಂದೆ.

ನಾವಿಬ್ಬರೂ ಕೆಲಸ ಮಾಡುವುದು ಬಸ್ಸು, ಟ್ರ್ಯಾಕ್ಟರುಗಳ ಕಿಟಕಿ ಗಾಜು ತಯಾರಿಸುವ ಕಾರ್ಖಾನೆಯಲ್ಲಿ. ರತ್ನಕ್ಕನದು ದೀಪದ ಮೇಜು. ದೊಡ್ಡ ಬಿಳಿ ದೀಪದ ಮುಂದೆ ಒಂದೊಂದೇ ಗಾಜನ್ನು ನಿಲ್ಲಿಸಿ ಐಬು ಹುಡುಕಬೇಕು, ಸರಿಯಿದ್ದರೆ ಚೀಟಿಗೆ ಸಹಿ ಹಾಕಬೇಕು. ನನ್ನದು ಪ್ಯಾಕಿಂಗು. ಅವಳು ಸಹಿ ಹಾಕಿದ ಗಾಜನ್ನು ಮರದ ಪೆಟ್ಟಿಗೆಗೆ ಇಳಿಸಿ ಮೊಳೆ ಹೊಡೆಯುತ್ತೇನೆ. ದೇವರು ನಮ್ಮ ಮನೆಯಲ್ಲಿ ಕಣ್ಣನ್ನು ಅವಳಿಗೂ ಸುತ್ತಿಗೆಯನ್ನು ನನಗೂ ಹಂಚಿಬಿಟ್ಟಿದ್ದಾನೆ.

ನಮ್ಮಲ್ಲಿ ಒಂದು ಪದ್ಧತಿಯಿದೆ. ಗಾಜು ಒಡೆದರೆ ಯಾರೂ ಬೈಯುವುದಿಲ್ಲ, ಆದರೆ ಒಡೆದವರೇ ರಿಜಿಸ್ಟರಿನಲ್ಲಿ ಬರೆಯಬೇಕು. ಸುಮ್ಮನೆ ಒಡೆಯಿತು ಅಂದರೆ ಆಗದು, ಹೇಗೆ ಒಡೆಯಿತು ಅನ್ನುವುದಕ್ಕೆಲ್ಲ ಬೇರೆ ಬೇರೆ ಇಂಗ್ಲಿಷ್ ಹೆಸರುಗಳಿವೆ. ನಮ್ಮಮ್ಮನ ಕೈಯಿಂದ ತಟ್ಟೆ ಬಿದ್ದರೆ "ಹೋಯ್ತು" ಅನ್ನುತ್ತಾಳೆ. ಹಾಲು ಉಕ್ಕಿದರೂ, ಕರೆಂಟು ಹೋದರೂ, ಬಸ್ಸು ತಪ್ಪಿದರೂ ಅವಳಿಗೆ ಅದೊಂದೇ ಮಾತು. ಇಲ್ಲಿ ನೋಡಿದರೆ ಅಂಚಿನಿಂದ ಉಗುರಷ್ಟು ಹಾರಿದರೆ ಚಿಪ್. ಕೂದಲೆಳೆಯಂಥ ಗೆರೆ ಬಿದ್ದರೆ ಕ್ರ್ಯಾಕ್. ಚೂಪಾದ ದೊಡ್ಡ ಚೂರು ಶಾರ್ಡ್, ಬೆರಳಿಗೆ ಚುಚ್ಚಿಕೊಂಡು ಕಣ್ಣಿಗೆ ಕಾಣದೆ ಸತಾಯಿಸುವುದು ಸ್ಪ್ಲಿಂಟರ್. ಒಂದೇ ಏಟಿಗೆ ಪೂರ್ತಿ ಪುಡಿಯಾದರೆ ಶ್ಯಾಟರ್. ಎಲ್ಲ ಮುಗಿದ ಮೇಲೆ ಗುಡಿಸಿ, ಮತ್ತೆ ಕರಗಿಸಲು ಕಳಿಸುವ ರಾಶಿಗೂ ಒಂದು ಹೆಸರು, ಕಲೆಟ್. ಸತ್ತ ಮೇಲೂ ನಾಮಕರಣ ಬಿಡದ ಜನ! ಇಷ್ಟು ಪದ ಹುಟ್ಟಬೇಕಾದರೆ ಅವರ ಊರುಗಳಲ್ಲಿ ಎಷ್ಟು ಸಾಮಾನು ಒಡೆದಿರಬೇಕು, ಒಡೆದಾಗಲೆಲ್ಲ ಅಲ್ಲೇ ನಿಂತು ಬಗ್ಗಿ ನೋಡಿದವನೊಬ್ಬ ಇದ್ದಿರಬೇಕು ಎಂದು ನನಗೆ ಬೆರಗು. ನಾನಾಗಿದ್ದರೆ ಜಾಗ ಖಾಲಿ ಮಾಡುತ್ತಿದ್ದೆ, ಆ ಭಾಷೆ ಬಡವಾಗುತ್ತಿತ್ತು.

ಇನ್ನೂ ದೊಡ್ಡ ಬೆರಗು ಬೇರೆಯದಿದೆ. ದಿನಕ್ಕೊಂದು ಒಳ್ಳೆಯ ಗಾಜನ್ನು ಬೇಕೆಂದೇ ಒಡೆದು, ಒಂದು ಚೌಕದೊಳಗೆ ಎಷ್ಟು ಫ್ರ್ಯಾಗ್ಮೆಂಟು ಇವೆ ಎಂದು ಅಕ್ಕ ಎಣಿಸುತ್ತಾಳೆ. ಚೂರು ಸಣ್ಣದಾದಷ್ಟೂ ಗಾಜು ಒಳ್ಳೆಯದಂತೆ, ಅಪಘಾತವಾದರೆ ಯಾರ ಕುತ್ತಿಗೆಯನ್ನೂ ಕೊಯ್ಯದು. ಇದನ್ನು ಕೇಳಿ ಮುದ್ದೆ ತಿರುವುತ್ತಿದ್ದ ಅಮ್ಮ ಕೋಲು ನಿಲ್ಲಿಸಿ, "ಒಡ್ದು ಎಣಿಸ್ತಾರಾ? ಅದಕ್ಕೂವೆ ಸಂಬ್ಳ ಕೊಡ್ತಾರಾ? ಅಂಗಾದ್ರೆ ನಮ್ ಮುನಿರಾಜನ್ನ ಮ್ಯಾನೇಜರ್ ಮಾಡ್ಬೇಕಿತ್ತಲ್ಲೇ" ಅಂದಳು. "ಇವ್ನು ಒಡೀತಾನೆ, ಎಣ್ಸಕ್ಕೆ ಬರಕಿಲ್ಲ ಕಣಮ್ಮ" ಅಂದಳು ಅಕ್ಕ.

ಎಣಿಸುವುದಿರಲಿ, ನನಗೆ ಇಂಗ್ಲಿಷ್ ಬರೆಯಲೂ ಬಾರದು. ಗಾಜು ಒಡೆದಾಗಲೆಲ್ಲ ರಿಜಿಸ್ಟರು ಹಿಡಿದು ಅಕ್ಕನ ಮೇಜಿಗೇ ಹೋಗುತ್ತಿದ್ದೆ. ಅವಳು ಓದಿದ್ದು ಕನ್ನಡ ಶಾಲೆಯಲ್ಲಿ, ಹತ್ತನೇ ಕ್ಲಾಸಿನ ತನಕ. ಗೋಡೆಯ ಮೇಲಿನ ಚಿತ್ರಪಟ ನೋಡಿ ನೋಡಿಯೇ ಎಲ್ಲ ಹೆಸರೂ ಕಲಿತವಳು. ಚೂರನ್ನು ಒಮ್ಮೆ ನೋಡಿ ಸರಸರ ಬರೆಯುತ್ತಿದ್ದಳು, ಜೊತೆಗೆ "ಏನ್ಲಾ, ಗುಡಿ ಮುಂದೆ ತೆಂಗಿನ್ಕಾಯಿ ಒಡ್ದಂಗೆ ಒಡೀತಿದ್ದೀಯಾ" ಅನ್ನುತ್ತಿದ್ದಳು. ಸುತ್ತಲಿದ್ದವರು ನಗುತ್ತಿದ್ದರು. ಆ ವಾರ ಎರಡು ಸಲ ನಕ್ಕಿದ್ದರು. ಮೂರನೆಯ ಸಲ, ಪೆಟ್ಟಿಗೆಯೊಳಗಿನ ಅಡ್ಡಪಟ್ಟಿಗೆ ಮೊಳೆ ಹೊಡೆಯುವಾಗ ಸುತ್ತಿಗೆ ಜಾರಿ ಗಾಜಿನ ಅಂಚಿಗೆ ತಾಗಿತು. ಉಗುರಷ್ಟು ಹಾರಿತು. ಮತ್ತೆ ನಗಿಸಿಕೊಳ್ಳಲು ಮನಸ್ಸು ಬರಲಿಲ್ಲ. ಮುಚ್ಚಳ ಹಾಕಿ ಬಡಿದುಬಿಟ್ಟೆ.

ಆ ಪೆಟ್ಟಿಗೆ ಗಿರಾಕಿಯಿಂದ ವಾಪಸು ಬಂತು. ಚೀಟಿಯಲ್ಲಿದ್ದದ್ದು ಅಕ್ಕನ ಸಹಿ. "ಎನ್ನಮ್ಮಾ ರತ್ನಾ, ಕಣ್ಣು ಎಲ್ಲಿಟ್ಟಿದ್ದೆ?" ಎಂದರು ತಮಿಳಿನವರಾದ ಸೂಪರ್‌ವೈಸರು. ಅಕ್ಕ ಗಾಜನ್ನು ದೀಪಕ್ಕೆ ಹಿಡಿದು, ಆಚೀಚೆ ವಾಲಿಸಿ ನೋಡಿದಳು. "ಇದು ಸುತ್ತಿಗೆ ಏಟು ಸಾರ್. ಓರೆಯಾಗಿ ಬಿದ್ದೈತೆ. ನನ್ ಮೇಜು ದಾಟಿದ್ಮ್ಯಾಕೆ ಆಗಿರೋದು." ಚೂರನ್ನು ನೋಡಿ ಹೇಳುವವರು ಇದ್ದಾರು. ಇವಳು ಅಲ್ಲಿ ಇಲ್ಲದ ಚೂರನ್ನು ಓದುತ್ತಿದ್ದಳು! ಸೂಪರ್‌ವೈಸರು ರಿಜಿಸ್ಟರು ತಿರುವಿದರು, ಅದರಲ್ಲಿ ಏನೂ ಇರಲಿಲ್ಲ. ಪ್ಯಾಕಿಂಗಿನ ನಾಲ್ಕೂ ಜನರನ್ನು ನಿಲ್ಲಿಸಿ ಯಾರೆಂದು ಕೇಳಿದರು. ನಾನು ಸೂರಿನ ಶೀಟುಗಳನ್ನು ಅಂದೇ ಮೊದಲು ಕಂಡವನಂತೆ ನೋಡುತ್ತ ನಿಂತೆ. ಯಾರೂ ಬಾಯಿ ಬಿಡದಿದ್ದಾಗ ತಪ್ಪು ಸಹಿ ಹಾಕಿದವಳ ಮೇಲೆ ಬಿತ್ತು. ಅವಳನ್ನು ಕಲೆಟ್ ಗುಡಿಸುವ ಶೆಡ್ಡಿಗೆ ಹಾಕಿದರು. ಎರಡು ವಾರ ನೋಡಿ ದೀಪದ ಮೇಜನ್ನು ಬೇರೆಯವರಿಗೆ ಕಾಯಂ ಮಾಡುತ್ತೇವೆ ಅಂದರು.

ಅಕ್ಕ ಮನೆಯಲ್ಲಿ ಏನೂ ಹೇಳಲಿಲ್ಲ. ಎಂದಿನಂತೆ ಉಂಡಳು, ಎಂದಿನಂತೆ ನನ್ನನ್ನು ಗೇಲಿ ಮಾಡಿದಳು. ಅಂಗೈಯ ಗೀರುಗಳಿಗೆ ಮಾತ್ರ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು. ನಾನು ಹಳೆಯ ಪೇಪರಿನ ಅಂಚಿನಲ್ಲಿ ಚಿಪ್ ಎಂದು ಇಂಗ್ಲಿಷಿನಲ್ಲಿ ಬರೆದು ಕಲಿಯತೊಡಗಿದೆ. ನಾಲ್ಕೇ ಅಕ್ಷರಗಳ ಆ ಪದಕ್ಕೆ ನನಗೆ ಹನ್ನೆರಡು ದಿನ ಬೇಕಾಯಿತು. ಕಷ್ಟವಾದದ್ದು ಅಕ್ಷರವಲ್ಲ ಎಂದು ಓದುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಶನಿವಾರ ನಾನೇ ರಿಜಿಸ್ಟರು ತೆಗೆದು ಆ ಪದವನ್ನೂ ಪಕ್ಕದಲ್ಲಿ ನನ್ನ ಹೆಸರನ್ನೂ ಬರೆದು ಸೂಪರ್‌ವೈಸರ ಮುಂದೆ ಹಿಡಿದೆ. ಇಷ್ಟು ದಿನ ಎಲ್ಲಿ ಸತ್ತಿದ್ದೆ ಎಂದು ತಮಿಳಿನಲ್ಲಿ ಕೇಳಿ, ಸೋಮವಾರದಿಂದ ಅವಳು ಮೇಜಿಗೆ ಬರಲಿ, ಪೊರಕೆ ನೀನು ಹಿಡಿ ಅಂದರು. ಅದನ್ನು ಹೇಳಲು ಶೆಡ್ಡಿಗೆ ಹೋದೆ. ಅಕ್ಕ ಯಾಕೆಂದು ಕೇಳುತ್ತಾಳೆ ಅಂದುಕೊಂಡಿದ್ದೆ, ಕೇಳಲಿಲ್ಲ.

"ಪ್ಯಾಕಿಂಗಲ್ಲಿ ಎಡಗೈಲಿ ಸುತ್ತಿಗೆ ಹಿಡಿಯೋನು ನೀನೊಬ್ನೇ ಕಣ್ಲಾ" ಅಂದಳು.

ಏಟು ಯಾವ ಕಡೆಯಿಂದ ಬಿದ್ದಿತೆಂದು ಮೊದಲ ದಿನವೇ ಅವಳಿಗೆ ಕಂಡಿತ್ತು. "ಮತ್ಯಾಕಕ್ಕಾ ಸಾರ್‌ಗೆ ಹೇಳ್ಲಿಲ್ಲ?"

"ನೀನ್ ಹೇಳ್ತೀಯೇನೋ ಅಂತ ನೋಡ್ತಿದ್ದೆ."

ಇಷ್ಟು ದಿನ ಏನೂ ಅರಿಯದವನ ಹಾಗೆ ಎಷ್ಟು ಚೆನ್ನಾಗಿ ನಟಿಸಿದೆ ಎಂದು ಒಳಗೊಳಗೇ ಮೆಚ್ಚಿಕೊಂಡಿದ್ದೆನಲ್ಲ, ಆ ನಾಟಕವನ್ನು ನಂಬಿದವನು ಪ್ರಪಂಚದಲ್ಲಿ ನಾನೊಬ್ಬನೇ. ತಲೆ ತಗ್ಗಿಸಿ ಹೇಳಬೇಕಾದದ್ದನ್ನು ಹೇಳಿದೆ. ಅಷ್ಟರಲ್ಲಿ ಹಿಂದೆ ಯಾರೋ ಒಂದು ಗಾಡಿ ಚೂರು ಸುರಿದರು. "ಏನಂದೆ? ಕೇಳಿಸ್ಲಿಲ್ಲ" ಅಂದಳು ಅಕ್ಕ. ಶೆಡ್ಡಿನವರೆಲ್ಲ ತಿರುಗಿ ನೋಡುವಷ್ಟು ಗಟ್ಟಿಯಾಗಿ ಮತ್ತೆ ಹೇಳಬೇಕಾಯಿತು:

"ತಪ್ಪಾಯ್ತು ಕಣಕ್ಕಾ! ನಿನ್ನ ಬೈತಿದ್ರೂ ಸೂರು ನೋಡ್ಕಂಡು ನಿಂತಿದ್ನಲ್ಲಾ, ತಪ್ಪಾಯ್ತು. ಹೊಟ್ಟೆಗಾಕ್ಕೋ."