ಗಂಗಾಧರಪ್ಪನವರ ಗಾಳಿ ಮೋಜಣಿ

ಶಿಕಾರಿಪುರದ ಸರ್ವೆಯರ್ ಗಂಗಾಧರಪ್ಪನವರ ಮನೆಗೆ ಫೋನು ಬಂದದ್ದೇ ಬಂದದ್ದು, ಅವರ ಸ್ವಾತಂತ್ರ್ಯ ಹೋಯಿತು. ಹಾಳಾದ್ದನ್ನು ಹಾಕಿದ್ದು ಹಾಲ್‌ನಲ್ಲಿ, ಅಡಿಗೆಮನೆಯ ಬಾಗಿಲಿಗೆ ಮೂರೇ ಅಡಿ ದೂರದಲ್ಲಿ! (ಒಗ್ಗರಣೆಯ ಚಟಪಟದ ನಡುವೆಯೂ ಮಡದಿ ಮಹಾದೇವಮ್ಮನವರಿಗೆ 'ಇಸ್ಪೀಟು' ಎಂಬ ಪದ ಸ್ಪಷ್ಟವಾಗಿ ಕೇಳಿಸುತ್ತಿತ್ತು.) ಅದಕ್ಕೇ ತೊಂಬತ್ತೆಂಟರಲ್ಲಿ ಶಿವಮೊಗ್ಗದಿಂದ ಒಂದು ಕಾರ್ಡ್‌ಲೆಸ್ ಫೋನು ತಂದರು. ಬರುವ ಭಾನುವಾರ ಹೆಂಡತಿಯ ತವರು ಸೊರಬದಲ್ಲಿ ನಾಮಕರಣ. ಅದೇ ಭಾನುವಾರ ಅಂಜನಾಪುರದ ಗೆಳೆಯ ಶಾಂತವೀರಪ್ಪನ ಮನೆಯಲ್ಲಿ ಇಸ್ಪೀಟು. ತಪ್ಪಿಸಿಕೊಳ್ಳುವ ಸಂಚನ್ನು ಗುಟ್ಟಾಗಿ ಹೂಡಬೇಕಿತ್ತು.

ಆದರೆ ಸುಡುಗಾಡು ಫೋನು, ಒಂದು ಮೂಲೆಯಲ್ಲಿ ಮಾತು, ಇನ್ನೊಂದು ಮೂಲೆಯಲ್ಲಿ ಬರೀ ಗೊರಗೊರ. ತಾಲ್ಲೂಕನ್ನೇ ಮೋಜಣಿ ಮಾಡಿ ಅಳೆದ ಕೈ ಸುಮ್ಮನಿದ್ದೀತೇ? ಸರಪಳಿ ಎಳೆದು, ಫೋನು ಕಿವಿಗೊತ್ತಿ, ಹೆಜ್ಜೆಗೊಂದು ಸೀಮೆಸುಣ್ಣದ ಗುರುತು ಹಾಕುತ್ತ ಇಡೀ ಮನೆಯ ನಕಾಶೆ ಬರೆದರು. ಚೆನ್ನಾಗಿ ಕೇಳಿದ ಜಾಗ ನೀರಾವರಿಯ ತರಿ, ಗೊರಗೊರ ಎಂದದ್ದು ಮಳೆ ನಂಬಿದ ಖುಷ್ಕಿ, ಏನೂ ಕೇಳದ್ದು ಉಳುಮೆಗೆ ಬಾರದ ಖರಾಬು.

ಮಹಾದೇವಮ್ಮ ನಕಾಶೆ ನೋಡಿದ್ದೇ ಸೌಟು ಎತ್ತಿದರು. "ಏನ್ರೀ ಇದು? ನನ್ನ ಅಡಿಗೆಮನೆ ಖರಾಬಾ?"

"ಲೇ, ಅದು ಇಲಾಖೆ ಮಾತು ಕಣೆ, ನಿನ್ನ ಪಾತ್ರೆಗಳ ಅಡ್ಡಕ್ಕೆ ಅಲ್ಲಿ ಫೋನು ಕೇಳಲ್ಲ ಅಂತ..."

"ಇಷ್ಟು ವರ್ಷ ಮೂರೂ ಹೊತ್ತು ತಿಂದಿದ್ದು ಖರಾಬು ಜಮೀನಿನ ರೊಟ್ಟಿನೇ ಅಲ್ವೇನ್ರೀ? ಇವತ್ತು ಉಪವಾಸ ಇರ್ರಿ!" ಎಂದು ದೂರು ಹೇಳಲು ಪಕ್ಕದ ಮನೆಯ ವರದಮ್ಮನಲ್ಲಿಗೆ ದಡದಡನೆ ಹೊರಟೇಬಿಟ್ಟರು.

ಹೋದದ್ದೇ ಒಳ್ಳೆಯದಾಯಿತು. ಮನೆಯಲ್ಲೆಲ್ಲ ಅತ್ಯುತ್ತಮ ತರಿ ಎಂದರೆ ಬಚ್ಚಲು, ಅದೇ ವರದಮ್ಮನ ಗೋಡೆಗೆ ತಾಗಿದ್ದು. ಗಂಗಾಧರಪ್ಪ ಹಂಡೆಯ ಪಕ್ಕ ಮಣೆ ಹಾಕಿ ಕೂತು ಗೆಳೆಯನಿಗೆ ಫೋನು ಹಚ್ಚಿದರು.

"ಶಾಂತವೀರಪ್ಪ, ಭಾನುವಾರ ನಾನು ಬರದೆ ಎಲೆ ಹಂಚಬ್ಯಾಡ. ತಾಳಗುಂದದಾಗೆ ಅರ್ಜೆಂಟ್ ಸರ್ವೆ ಐತೆ ಅಂತ ಹೆಂಡ್ತಿಗೆ ಹೇಳ್ತೀನಿ. ಪಾಪ, ನಂಬ್ತಾಳೆ."

ಅಬ್ಬಾ, ಎಂಥ ಸ್ಪಷ್ಟ! ಶಾಂತವೀರಪ್ಪನ ಕೆಮ್ಮು ಕೇಳಿಸಿತು. ಬಳೆಯ ಸದ್ದೂ ಕೇಳಿಸಿತು. ಶಾಂತವೀರಪ್ಪ ಬಳೆ ಯಾವಾಗ ತೊಟ್ಟ?

"ರೀ," ಎಂದಿತು ಫೋನಿನೊಳಗಿಂದ ಮಹಾದೇವಮ್ಮನವರ ದನಿ. "ವರದಮ್ಮಾರೂ ಇಂಥದ್ದೇ ಫೋನು ತಂದಾರೆ. ಈಗ ನನ್ನ ಕೈಯಾಗೇ ಐತೆ. ನಿಮ್ಮ ಮಾತು ಗೋಡೆ ದಾಟಿ ಇವರ ಫೋನಿನಾಗೆ ಒತ್ತುವರಿ ಆಗೈತೆ ನೋಡ್ರಿ."

ಊರವರ ಒತ್ತುವರಿಯನ್ನೆಲ್ಲ ಹಿಡಿದ ಮಹಾನುಭಾವರು ತಮ್ಮ ಗೋಡೆಯ ಆಚೆ ಅಳೆಯುವುದನ್ನೇ ಮರೆತಿದ್ದರು.

"ಸೊರಬದ ಬಸ್ಸು ಎಂಟಕ್ಕೆ," ದನಿ ಮುಂದುವರಿಯಿತು. "ಶಾಂತವೀರಪ್ಪಣ್ಣ, ನೀವೂ ಬರ್ರಿ. ಅಲ್ಲಿ ಊಟಕ್ಕೆ ಇನ್ನೂರು ಎಲೆ ಅಂತೆ. ನೀವು ಹಾಕಿ, ಇವರು ಎತ್ತಲಿ!"